ಮಗಳು ಬರೆದ ನಕ್ಷೆಯಲ್ಲಿ ಬಿಸಿಲು ಎಲ್ಲಿತ್ತು?



ಇದು ಉದ್ದದ ಪೋಸ್ಟು. ಬಸ್ಸಲ್ಲಿ ನಿಂತ್ಕೊಂಡು ಓದಬೇಡಿ, ಮನೆಗೆ ಹೋಗಿ ಕೂತು ಓದಿ. ಮೂರು ರಾತ್ರಿ ಕೂತು ಬರೆದಿದೀನಿ. ಧರಣಿ, ಮನವಿಪತ್ರ, ಮೀಸಲಾತಿ ಯಾವುದರ ಸುದ್ದಿಯೂ ಅಲ್ಲ. ನನ್ನ ಮಗಳ ಒಂದು ನೋಟ್‌ಬುಕ್ಕಿನ ಸುದ್ದಿ. ಆದರೆ ಬರೀತಾ ಬರೀತಾ ಇದೂ ನಮ್ಮ ಹೋರಾಟದ ಸುದ್ದಿಯೇ ಅನ್ನಿಸಿತು. ಅದಕ್ಕೇ ಇಲ್ಲಿ ಹಾಕ್ತಿದೀನಿ.

ಮಗಳು ಈಗ ಒಂಬತ್ತನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಕತೆ ಬರೆಯೋಕೆ ಶುರು ಮಾಡಿದಳು. ಅಜ್ಜಿ ಕತೆ ಅಲ್ಲ. ಡ್ರ್ಯಾಗನ್ನು, ಮಾತಾಡುವ ನದಿ, ಮೂರು ಚಂದ್ರ, ಏಳು ರಾಜ್ಯ ಇರೋ ಕತೆ. ಅವಳ ಭಾಷೆಯಲ್ಲಿ 'ಫ್ಯಾಂಟಸಿ'. ಇದರಲ್ಲಿ ಮೊದಲು ಲೋಕ ಕಟ್ಟಬೇಕಂತೆ, ಕತೆ ಆಮೇಲಂತೆ. ಬೆಟ್ಟ ಎಲ್ಲಿದೆ, ಹೊಳೆ ಯಾವ ಕಡೆ ಹರೀತದೆ, ಯಾವ ಜನ ಎಲ್ಲಿದಾರೆ, ಏನು ತಿಂತಾರೆ, ನೋಡೋಕೆ ಹೆಂಗಿದಾರೆ, ಎಲ್ಲ ಮೊದಲೇ ತೀರ್ಮಾನ ಆಗಬೇಕು. ಅದಕ್ಕೆ ನಾಲ್ಕು ಡ್ರಾಯಿಂಗ್ ಶೀಟ್ ಅಂಟಿಸಿ ಗೋಡೆಯಗಲ ನಕ್ಷೆ ಬರೆದಿದ್ದಳು. ನಾನು ಆಫೀಸಲ್ಲಿ ದಿನಾ ಫೈಲಿಗೆ ನಂಬರು ಹಾಕೋ ಗುಮಾಸ್ತೆ. ಅಷ್ಟು ಅಚ್ಚುಕಟ್ಟಾದ ಕೆಲಸ ನೋಡಿ ಹೆಮ್ಮೆ ಆಯ್ತು. ಕನ್ನಡಕ ಹಾಕ್ಕೊಂಡು ಹತ್ತಿರ ಹೋಗಿ ಓದಿದೆ.

ಮೇಲುಗಡೆ ಹಿಮದ ಬೆಟ್ಟ. ಅಲ್ಲಿಯ ಜನ ಹಾಲಿನಂಥ ಬಿಳಿ, ಬೆಳ್ಳಿ ಕೂದಲು, ಬೆಳಕಿನ ಮಂತ್ರ ಬಲ್ಲವರು. ಕಥಾನಾಯಕಿ ಅಲ್ಲಿಯವಳು. ಕೆಳಗಡೆ ಜೌಗು, ದಟ್ಟ ಕಾಡು. ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಇಲ್ಲಿ ಯಾವಾಗಲೂ ಮಂಜು, ಸೂರ್ಯ ನೆಲಕ್ಕೆ ಬೀಳುವುದಿಲ್ಲ' ಅಂತ ಟಿಪ್ಪಣಿ. ಅಲ್ಲಿಯ ಜನ ಕಪ್ಪು. ಕೆಂಪು ಕಣ್ಣು. ಹಸಿ ಮಾಂಸ ತಿನ್ನೋರು. ರಾತ್ರಿಯಾದರೆ ಆ ಕಡೆಯಿಂದ ತಮಟೆ ಸದ್ದು ಬರುತ್ತೆ. ತಮಟೆ ಸದ್ದು ಬಂದರೆ ಬೆಟ್ಟದ ಜನ ಮಕ್ಕಳನ್ನ ಒಳಗೆ ಎಳ್ಕೊಂಡು ಬಾಗಿಲು ಹಾಕ್ಕೋತಾರೆ.

ನಮ್ಮಪ್ಪ ತಮಟೆ ಬಾರಿಸ್ತಿದ್ದ. ಇವಳ ತಾತ. ಇವಳು ಹುಟ್ಟೋ ಮೊದಲೇ ಹೋಗಿಬಿಟ್ಟ, ಇವಳು ಅವನ ಕೈ ನೋಡಿಲ್ಲ. ಬೆಂಕಿಗೆ ತಮಟೆ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ತಲೆ ಒಂದು ಕಡೆ ವಾಲಿಸಿ ಕೇಳಿಸ್ಕೊಳ್ತಿದ್ದ ಮುಖ ನನಗೆ ಇವತ್ತೂ ಕಣ್ಣಿಗೆ ಕಟ್ಟಿದಂಗಿದೆ. ಆ ಮುಖ ಕಪ್ಪಗಿತ್ತು. ಕಣ್ಣು ಕೆಂಪಗಿರಲಿಲ್ಲ.

ನಾನು ಗದರಲಿಲ್ಲ. ಕೇಳಿದ್ದು ಒಂದೇ ಮಾತು. "ಪುಟ್ಟಿ, ಇವರು ಯಾಕೆ ಕಪ್ಪು?"

"ಅಮ್ಮ, ಅದು ಸೈನ್ಸು. ಮೇಲುಗಡೆ ಚಳಿ, ಅದಕ್ಕೆ ಬೆಳ್ಳಗಿದಾರೆ. ಕೆಳಗಡೆ ಸೆಕೆ, ಅದಕ್ಕೆ ಕಪ್ಪು. ವಾತಾವರಣ ಹೆಂಗೋ ಜನ ಹಂಗೆ. ಎಲ್ಲದಕ್ಕೂ ಜಾತಿ ತರಬೇಡಮ್ಮ."

ನಾನು ಜಾತಿ ಎತ್ತೇ ಇರಲಿಲ್ಲ. ಬಾಯಿಗೆ ಬಂದ ಮಾತು ನುಂಗಿಕೊಂಡೆ. ಸೈನ್ಸ್ ಅಂದ್ಲಲ್ಲ, ಸೈನ್ಸನ್ನೇ ನೋಡೋಣ ಅಂತ ಹೊರಟೆ. ನಾನು ಬಿಎ, ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಗೇ ಋಣ ಹರಿದಿತ್ತು. ನಮ್ಮ ಸಂಘದಲ್ಲಿ ಜೀವಶಾಸ್ತ್ರ ಪಾಠ ಮಾಡೋ ಒಬ್ಬ ಅಣ್ಣ ಇದಾರೆ. ಅವರನ್ನ ಎರಡು ಭಾನುವಾರ ಕೂರಿಸ್ಕೊಂಡು ತಲೆ ತಿಂದೆ. ಅವರು ಹೇಳಿದ್ದನ್ನ ನನಗೆ ಅರ್ಥ ಆದ ಹಾಗೆ ಹೇಳ್ತೀನಿ.

ನಮ್ಮ ಚರ್ಮದಲ್ಲಿ ಬಣ್ಣ ತಯಾರು ಮಾಡೋ ಜೀವಕೋಶಗಳಿವೆ, ಮೆಲನೊಸೈಟ್ ಅಂತಾರೆ. ಕಪ್ಪು ಮನುಷ್ಯನಲ್ಲಿ ಇವು ಜಾಸ್ತಿ, ಬಿಳಿ ಮನುಷ್ಯನಲ್ಲಿ ಕಮ್ಮಿ ಅಂತ ನಾನು ಅಂದ್ಕೊಂಡಿದ್ದೆ. ಹಂಗಿಲ್ಲ. ಎಲ್ಲ ಮನುಷ್ಯರಲ್ಲೂ ಹೆಚ್ಚುಕಮ್ಮಿ ಅಷ್ಟಷ್ಟೇ ಇವೆ. ಅವು ಮೆಲನಿನ್ ಎಷ್ಟು ಮಾಡ್ತವೆ, ಯಾವ ಬಗೆಯದು ಮಾಡ್ತವೆ, ಅದು ಚರ್ಮದಲ್ಲಿ ಹೆಂಗೆ ಹರಡುತ್ತೆ ಅನ್ನೋದರಲ್ಲಷ್ಟೇ ವ್ಯತ್ಯಾಸ.

ಎರಡನೇದು, ಬಣ್ಣಕ್ಕೆ ಸೆಕೆ ಕಾರಣ ಅಲ್ಲ, ಚಳಿಯೂ ಕಾರಣ ಅಲ್ಲ. ಕಾರಣ ಬಿಸಿಲಿನಲ್ಲಿರೋ ನೇರಳಾತೀತ ಕಿರಣ. ನೀನಾ ಜಬ್ಲಾನ್‌ಸ್ಕಿ, ಜಾರ್ಜ್ ಚಾಪ್ಲಿನ್ ಅನ್ನೋ ಇಬ್ಬರು ವಿಜ್ಞಾನಿಗಳು 2000ದಲ್ಲಿ ಇದರ ಬಗ್ಗೆ ದೊಡ್ಡ ಪ್ರಬಂಧ ಬರೆದರು. ಯಾವ ಊರಿಗೆ ಎಷ್ಟು ಕಿರಣ ಬೀಳುತ್ತೆ, ಅಲ್ಲಿ ಹಿಂದಿನಿಂದ ಇದ್ದ ಜನರ ಬಣ್ಣ ಏನು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಅವರ ವಾದ ಸರಳ. ಕಿರಣ ಜಾಸ್ತಿಯಾದರೆ ರಕ್ತದಲ್ಲಿರೋ ಫೋಲೇಟ್ ನಾಶ ಆಗುತ್ತೆ. ಬಸುರಿಯರಿಗೆ ಆಸ್ಪತ್ರೆಯಲ್ಲಿ ಫೋಲಿಕ್ ಆಸಿಡ್ ಮಾತ್ರೆ ಕೊಡ್ತಾರಲ್ಲ, ಅದೇ. ಅದು ಕಮ್ಮಿಯಾದರೆ ಹುಟ್ಟೋ ಮಗುವಿನ ಬೆನ್ನುಹುರಿಗೆ ತೊಂದರೆ. ಹಾಗಾಗಿ ಸಮಭಾಜಕ ವೃತ್ತದ ಹತ್ತಿರ ಕಪ್ಪು ಚರ್ಮ ಅಂದರೆ ತಾಯಿ, ಮಗು ಇಬ್ಬರಿಗೂ ಹಿಡಿದ ಕೊಡೆ. ಕಿರಣ ತೀರಾ ಕಮ್ಮಿ ಇರೋ ಕಡೆ ಕತೆ ಉಲ್ಟಾ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗೋಕೆ ಆ ಕಿರಣವೇ ಬೇಕು. ಅದು ಸಿಗದಿದ್ದರೆ ಮೂಳೆ ಮೆತ್ತಗಾಗಿ ಮಕ್ಕಳ ಕಾಲು ಸೊಟ್ಟಗಾಗುತ್ತೆ. ಅಲ್ಲಿ ಕೊಡೆ ಮಡಚಿದವರು ಬದುಕಿಕೊಂಡರು.

ಇಷ್ಟೇ. ಇದರಲ್ಲಿ ಒಳ್ಳೆಯವನು ಕೆಟ್ಟವನು ಎಲ್ಲೂ ಇಲ್ಲ. ಕೊಡೆ ಬಿಚ್ಚೋದು, ಕೊಡೆ ಮಡಚೋದು.

ಇದನ್ನ ತಗೊಂಡು ಮಗಳ ನಕ್ಷೆ ಮುಂದೆ ಕೂತೆ. ಪರೀಕ್ಷೆ ಪೇಪರ್ ತಿದ್ದೋ ಮೇಷ್ಟ್ರ ಥರ ಅಲ್ಲ, ಅವಳ ಲೋಕದಲ್ಲೇ ಓಡಾಡೋ ದಾರಿಹೋಕಳ ಥರ ಕೇಳಿದೆ.

"ಬೆಟ್ಟದ ಮೇಲೆ ಬಿಸಿಲಿದೆಯಾ?"

"ಇದೆ. ಹಿಮ ಫಳಫಳ ಅನ್ನುತ್ತೆ."

ಎತ್ತರ ಹೋದಷ್ಟೂ ಈ ಕಿರಣ ಜಾಸ್ತಿ. ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ಏರುತ್ತೆ. ಹೊಸ ಹಿಮ ಮೇಲೆ ಬಿದ್ದ ಕಿರಣದಲ್ಲಿ ಶೇ 80ರವರೆಗೂ ವಾಪಸ್ ಮುಖಕ್ಕೆ ಎರಚುತ್ತೆ. ಎತ್ತರದ ಹಿಮದ ನಾಡಿನ ಜನ ಹಾಲಿನಂಥ ಬಿಳಿ ಇರೋಕೆ ಹೆಂಗೆ ಸಾಧ್ಯ? ಟಿಬೆಟಿನ ಕುರಿ ಕಾಯೋರ ಫೋಟೊ ತೆಗೆದು ತೋರಿಸಿದೆ. ತಾಮ್ರದ ಮುಖ, ಕೆಂಪಗೆ ಸುಟ್ಟ ಕೆನ್ನೆ.

"ಕಾಡಲ್ಲಿ?"

ಸುಮ್ಮನಾದಳು. ಅವಳೇ ಬರೆದಿದ್ದಳಲ್ಲ, ಸೂರ್ಯ ನೆಲಕ್ಕೆ ಬೀಳುವುದಿಲ್ಲ ಅಂತ.

"ಬಿಸಿಲೇ ಬೀಳದ ಕಡೆ ಕೊಡೆ ಯಾಕೆ ಬೇಕಿತ್ತು ಕಂದ?"

ಬಹಳ ಹೊತ್ತು ನಕ್ಷೆ ನೋಡಿದಳು. ಆಮೇಲೆ ಮೆತ್ತಗೆ, "ಅವರು ಕೆಟ್ಟವರು ಅಂತ ಮೊದಲು ಅಂದ್ಕೊಂಡೆ ಅಮ್ಮ. ಬಣ್ಣ ಆಮೇಲೆ ಹಾಕಿದ್ದು. ಬಿಸಿಲು ಅಂತ ನೀನು ಕೇಳಿದಾಗ ಹೇಳಿದ್ದು" ಅಂದಳು.

ಗೆಳೆಯರೇ, ಹದಿನಾಲ್ಕು ವರ್ಷದ ಹುಡುಗಿ ಹೇಳಿದ ಈ ಮೂರು ಮಾತಿಗೋಸ್ಕರವೇ ನಾನು ಇಷ್ಟುದ್ದ ಬರೀತಿರೋದು. ಮೊದಲು ಕೆಟ್ಟವರು ಅಂತ ತೀರ್ಮಾನ. ಆಮೇಲೆ ಬಣ್ಣ. ಕೊನೆಗೆ ಯಾರಾದರೂ ಕೇಳಿದರೆ ವಾತಾವರಣ. ದೊಡ್ಡ ದೊಡ್ಡ ಲೋಕ ಕಟ್ಟಿದವರೂ ಇದೇ ಅನುಕ್ರಮದಲ್ಲಿ ಕಟ್ಟಿದಾರೆ. ಅವರ ಪೈಕಿ ಯಾರೂ ನನ್ನ ಮಗಳಷ್ಟು ಬೇಗ ಒಪ್ಪಿಕೊಂಡಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಒಂದು ಆಟ ಇದೆ. ಪ್ರಪಂಚದ ಫ್ಯಾಂಟಸಿ ಲೋಕಗಳಿಗೆಲ್ಲ ಮನೆಪಾಠ ಹೇಳಿಕೊಟ್ಟ ಆಟ ಅದು. ಅದರಲ್ಲಿ ಡ್ರೌ ಅನ್ನೋ ಜನ ನೆಲದಡಿಯ ಗವಿಗಳಲ್ಲಿ ಇರ್ತಾರೆ. ಬಿಸಿಲೇ ಕಾಣದವರು. ಮೈ ಬಣ್ಣ ಮಾತ್ರ ಕಡುಗಪ್ಪು. ನಿಜವಾದ ಗವಿಯಲ್ಲಿ ಏನಾಗುತ್ತೆ? ಮೆಕ್ಸಿಕೋದ ಗವಿಗಳಲ್ಲಿ ಕಣ್ಣಿಲ್ಲದ ಮೀನು ಇವೆ. ಎಷ್ಟೋ ತಲೆಮಾರು ಕತ್ತಲಲ್ಲೇ ಕಳೆದು ಅವು ಬಣ್ಣ ಕಳ್ಕೊಂಡು ಬಿಳಿಚಿಕೊಂಡಿವೆ. ಹಾಗಿರುವಾಗ ಡ್ರೌ ಯಾಕೆ ಕಪ್ಪು? ಅವರು ದುಷ್ಟ ದೇವತೆಯ ಹಿಂದೆ ಹೋದವರು, ಅದಕ್ಕೆ. ಅಲ್ಲಿ ವಾತಾವರಣದ ಲೆಕ್ಕ ಇಲ್ಲ, ಪಾಪದ ಲೆಕ್ಕ ಇದೆ. ಪಾಪ ಮಾಡಿದವರಿಗೆ ಇಂಥ ಹುಟ್ಟು ಅನ್ನೋ ಲೆಕ್ಕ ನಮಗೇನು ಹೊಸದಲ್ಲ. ನಮ್ಮ ಅಜ್ಜಂದಿರಿಗೂ ಅದನ್ನೇ ಹೇಳಿದ್ದರು. ಆಟ ಮಾಡುವ ಕಂಪನಿಯೇ 2020ರಲ್ಲಿ ಡ್ರೌ, ಓರ್ಕ್‌ಗಳನ್ನ ಇನ್ನು ಮುಂದೆ ಬೇರೆ ಥರ ಚಿತ್ರಿಸ್ತೀವಿ ಅಂತ ಹೇಳಿತು.

ಸರಿಯಾಗಿ ಕಟ್ಟಿದವರೂ ಇದಾರೆ. ಅಮೆರಿಕದ ಉರ್ಸುಲಾ ಲೆ ಗುಯಿನ್ 1968ರಲ್ಲೇ 'ಅರ್ಥ್‌ಸೀ' ಅನ್ನೋ ದ್ವೀಪಗಳ ಲೋಕ ಕಟ್ಟಿದರು. ಅದರಲ್ಲಿ ನಾಯಕ ಗೆಡ್ ತಾಮ್ರಗಂದು ಬಣ್ಣದವನು. ಅವನ ಆಪ್ತ ಗೆಳೆಯ ಕಪ್ಪು. ಬಿಳಿ ಜನ ಒಂದು ಮೂಲೆಯ ದ್ವೀಪಗಳವರು. 2004ರಲ್ಲಿ ಅದನ್ನ ಟಿವಿಗೆ ತಂದಾಗ ಗೆಡ್ ಪಾತ್ರಕ್ಕೆ ಬಿಳಿ ಹುಡುಗನನ್ನ ಹಾಕಿದರು. ಲೇಖಕಿ ಸುಮ್ಮನಿರಲಿಲ್ಲ, ಇದು ನಾನು ಕಟ್ಟಿದ ಲೋಕ ಅಲ್ಲ ಅಂತ ಬಹಿರಂಗವಾಗಿ ಬರೆದರು. ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ಓದಿದವರ ಕಣ್ಣಿಗೆ ನಾಯಕ ಅಂದರೆ ಬಿಳಿ ಅಂತಲೇ ಕಂಡಿತ್ತು. ನನ್ನ ಮಗಳ ಕಣ್ಣಿಗೂ ಹಂಗೇ ಕಂಡಿತ್ತು.

ಮಗಳು ಅಷ್ಟಕ್ಕೇ ಬಿಡೋಳಲ್ಲ. ಮಾರನೇ ದಿನ ನನ್ನನ್ನೇ ಹಿಡಿದಳು.

"ಅಮ್ಮ, 'ಅವತಾರ್' ಕಾರ್ಟೂನಲ್ಲಿ ಕಟಾರಾ ದಕ್ಷಿಣ ಧ್ರುವದೋಳು. ಸುತ್ತ ಮಂಜುಗಡ್ಡೆ. ಅವಳು ಕಂದು ಬಣ್ಣ ಇದಾಳೆ. ನಿನ್ನ ಲೆಕ್ಕದಲ್ಲಿ ಅದು ತಪ್ಪಲ್ವಾ?"

ಒಳ್ಳೆ ಪ್ರಶ್ನೆ. ಅಣ್ಣನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವರು ಅಂದ್ರು: ತಪ್ಪಿಲ್ಲ ಮಗಳೇ, ಅವರು ಏನು ತಿಂತಾರೆ ನೋಡು. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ನಿಜವಾಗಿಯೂ ಅಷ್ಟು ಬೆಳ್ಳಗಿಲ್ಲ. ಮೀನು, ಸೀಲ್, ತಿಮಿಂಗಿಲದ ಕೊಬ್ಬಿನಿಂದ ಅವರಿಗೆ ವಿಟಮಿನ್ ಡಿ ಸಿಗ್ತಿತ್ತು. ಚರ್ಮದ ಕೆಲಸವನ್ನ ಊಟ ಮಾಡಿತು, ಬೆಳ್ಳಗಾಗೋ ಒತ್ತಡ ಅಷ್ಟಿರಲಿಲ್ಲ. ಆದ್ದರಿಂದ ಲೋಕ ಕಟ್ಟುವಾಗ ಬಿಸಿಲು ಒಂದೇ ಕೇಳಬೇಡ, ತಟ್ಟೆಯಲ್ಲಿ ಏನಿದೆ ಅಂತಲೂ ಕೇಳು. ಆಮೇಲೆ ಇನ್ನೊಂದು ಕೇಳು. ಆ ಜನ ಅಲ್ಲಿಗೆ ಬಂದು ಎಷ್ಟು ಕಾಲ ಆಯ್ತು?

ಈ ಮೂರನೇ ಪ್ರಶ್ನೆ ನನಗೆ ಬಹಳ ಹಿಡಿಸಿತು. ವಾತಾವರಣ ಬಣ್ಣ ಬದಲಾಯಿಸುತ್ತೆ ನಿಜ, ಆದರೆ ಅದು ನಮ್ಮ ಆಫೀಸಿನ ಫೈಲಿಗಿಂತ ನಿಧಾನ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಬಂಧುಗಳನ್ನೇ ನೋಡಿ. ಅವರ ಹಿರಿಯರನ್ನ ಆಫ್ರಿಕಾದಿಂದ ಗುಲಾಮರಾಗಿ ತಂದರು, ತಂದವರಲ್ಲಿ ಪೋರ್ಚುಗೀಸರೂ ಇದ್ದರು. ಶತಮಾನಗಳಿಂದ ಮಲೆನಾಡಿನ ಮಳೆ, ನೆರಳಲ್ಲಿ ಬದುಕ್ತಿದಾರೆ. ಕನ್ನಡ, ಕೊಂಕಣಿ ಮಾತಾಡ್ತಾರೆ. ಚರ್ಮ, ಕೂದಲು ಇವತ್ತಿಗೂ ಆಫ್ರಿಕಾದ ಬಿಸಿಲಿನ ನೆನಪು ಇಟ್ಟುಕೊಂಡಿವೆ. ಕೆಲವು ಶತಮಾನ ಸಾಲದು, ಸಾವಿರಾರು ವರ್ಷ ಬೇಕು. 2003ರಲ್ಲಿ ಅವರನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸೋಕೇ ಸರ್ಕಾರಕ್ಕೆ ಸ್ವಾತಂತ್ರ್ಯ ಬಂದು ಐವತ್ತೈದು ವರ್ಷ ಬೇಕಾಯ್ತು, ಅದು ಬೇರೆ ಮಾತು.

ಇನ್ನು ಇಂಗ್ಲೆಂಡು. ಅಲ್ಲಿಯ ಚೆಡ್ಡಾರ್ ಅನ್ನೋ ಕಣಿವೆಯ ಗವಿಯಲ್ಲಿ 1903ರಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಸುಮಾರು ಹತ್ತು ಸಾವಿರ ವರ್ಷ ಹಳೇದು. 2018ರಲ್ಲಿ ಅದರ ಡಿಎನ್‌ಎ ಪರೀಕ್ಷೆಯ ವಿವರ ಬಂತು. ಆ ಮನುಷ್ಯನ ಚರ್ಮ ಕಪ್ಪು ಇದ್ದಿರಬೇಕು, ಕಣ್ಣು ನೀಲಿ ಇದ್ದಿರಬೇಕು. ಬಿಳಿಯರ ನಾಡು ಅಂತ ನಾವು ಅಂದ್ಕೊಂಡಿರೋ ಕಡೆ ಹತ್ತು ಸಾವಿರ ವರ್ಷದ ಹಿಂದೆ ಕಪ್ಪು ಮನುಷ್ಯ ಬೇಟೆ ಆಡ್ಕೊಂಡಿದ್ದ. ಈ ಫೋಟೊ ನೋಡಿ ಮಗಳು "ಇವನನ್ನ ನನ್ನ ಕತೆಗೆ ಹಾಕ್ಕೋತೀನಿ" ಅಂದಳು. ಹಾಕ್ಕೋ ಅಂದೆ.

ಇಲ್ಲಿಗೇ ಮುಗೀಬೇಕಿತ್ತು. ಮುಗೀಲಿಲ್ಲ. ರಾತ್ರಿ ಊಟ ಮಾಡ್ತಾ ಇನ್ನೊಂದು ಕೇಳಿದಳು.

"ಸರಿ, ಬಿಸಿಲಿನ ಲೆಕ್ಕ ಗೊತ್ತಾಯ್ತು. ನಮ್ಮೂರಲ್ಲಿ? ಊರಿಗೂ ನಮ್ಮ ಕೇರಿಗೂ ಒಂದು ರಸ್ತೆ ದಾಟಿದರೆ ಆಯ್ತು. ಬಿಸಿಲು ಒಂದೇ. ಆದರೂ ಸ್ಕೂಲಲ್ಲಿ 'ಕಪ್ಪಗಿದಾಳೆ, ಕೇರಿಯೋಳೇ ಇರಬೇಕು' ಅಂತಾರಲ್ಲ, ಅದು ಯಾವ ಸೈನ್ಸು?"

ತುತ್ತು ಬಾಯಲ್ಲೇ ಉಳೀತು. ಇದನ್ನ ಅವಳು ಇದುವರೆಗೂ ನನಗೆ ಹೇಳಿರಲಿಲ್ಲ.

ಉತ್ತರ ಒಂದೇ ದಿನದಲ್ಲಿ ಕೊಡೋಕಾಗಲಿಲ್ಲ. ಕೊಟ್ಟಷ್ಟನ್ನ ಇಲ್ಲಿ ಬರೀತೀನಿ. ನಿಮ್ಮ ಮನೆಯ ಮಕ್ಕಳೂ ಕೇಳಬಹುದು.

ಮೊದಲನೇದು, ಅವರು ಹೇಳೋದೇ ಸುಳ್ಳು. ಬಣ್ಣ ನೋಡಿ ಜಾತಿ ಹೇಳೋಕಾಗಲ್ಲ. ನಮ್ಮನೆಯಲ್ಲೇ ನಾನು ಅಪ್ಪನ ಬಣ್ಣ, ನನ್ನ ತಂಗಿ ಅವ್ವನ ಬಣ್ಣ, ಗೋಧಿ ಕೆಂಪು. ಒಂದೇ ಹೊಟ್ಟೆಯಲ್ಲಿ ಹುಟ್ಟಿದೋರು, ಒಂದೇ ಅಂಗಳದ ಬಿಸಿಲಲ್ಲಿ ಆಡಿದೋರು. ತಂಗಿ ಪಟ್ಟಣದಲ್ಲಿ ಬಾಡಿಗೆ ಮನೆ ಕೇಳೋಕೆ ಹೋದಾಗ ಓನರಮ್ಮ ಮುಖ ನೋಡಿ ಏನೂ ಕೇಳಲಿಲ್ಲ, ಕಾಫಿ ಕೊಟ್ಟು ಕೀ ಕೊಟ್ಟರು. ಎರಡನೇ ವಾರ ಅವಳು ಹಾಲ್‌ನಲ್ಲಿ ಬಾಬಾಸಾಹೇಬರ ಫೋಟೊ ಹಾಕಿದಳು. ಮೂರನೇ ವಾರ ಓನರಮ್ಮನ ಮಗನಿಗೆ ಇದ್ದಕ್ಕಿದ್ದಂಗೆ ಮದುವೆ ಗೊತ್ತಾಗಿ ಮನೆ ಬೇಕಾಯ್ತು. ಆ ಮದುವೆ ಇವತ್ತಿನವರೆಗೂ ಆಗಿಲ್ಲ ಅಂತ ಕೇಳಿದೀನಿ. ಬೆಳ್ಳಗಿದ್ದ ಚರ್ಮ ಅವಳಿಗೆ ಎರಡು ವಾರದ ಬಾಡಿಗೆ ಮನೆ ಕೊಡಿಸಿತು. ಅಷ್ಟೇ ಅದರ ಬೆಲೆ.

ಎರಡನೇದು, ಬಿಸಿಲು ಒಂದೇ ಆದರೂ ಬಿಸಿಲಲ್ಲಿ ನಿಲ್ಲೋರು ಒಂದೇ ಅಲ್ಲ. ನಾಟಿ ಹಾಕೋದು, ಕಲ್ಲು ಒಡೆಯೋದು, ಚರಂಡಿ ತೋಡೋದು ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ. ಜಗಲಿ ಮೇಲೆ ಕೂತು ಲೆಕ್ಕ ಬರೆಯೋದು ನೆರಳಲ್ಲಿ. ಬೆನ್ನು ಕಪ್ಪಾಗುತ್ತೆ ನಿಜ. ಆದರೆ ಹಂಗೆ ಸುಟ್ಟ ಬಣ್ಣ ಮಕ್ಕಳಿಗೆ ಇಳಿಯಲ್ಲ. ಅವ್ವ ದಿನವಿಡೀ ಕಳೆ ಕಿತ್ತಳು ಅಂತ ಮಗು ಕಪ್ಪಗೆ ಹುಟ್ಟಲ್ಲ. ಆ ಬಣ್ಣ ಕೂಲಿಯ ಗುರುತೇ ಹೊರತು ಕುಲದ ಗುರುತಲ್ಲ.

ಮೂರನೇದು ಮುಖ್ಯವಾದದ್ದು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳೂ ಅಮೆರಿಕದ ಹಾರ್ವರ್ಡ್‌ನವರೂ ಸೇರಿ ನಮ್ಮ ದೇಶದ ಜನರ ಡಿಎನ್‌ಎ ನೋಡಿ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸುಮಾರು 4,200 ವರ್ಷದ ಹಿಂದಿನಿಂದ 1,900 ವರ್ಷದ ಹಿಂದಿನವರೆಗೆ ಈ ನೆಲದಲ್ಲಿ ಬೇರೆ ಬೇರೆ ಮೂಲದ ಜನ ಚೆನ್ನಾಗಿ ಬೆರೆತರು. ಆಮೇಲೆ ಬೆರೆಯೋದು ನಿಂತಿತು. ಅವರವರೊಳಗೇ ಮದುವೆ. ಬಾಗಿಲು ಹಾಕ್ಕೊಂಡರು.

ಇದನ್ನ ಓದಿದಾಗ ನನಗೆ ಮೈ ಜುಮ್ ಅಂದಿತು. ಯಾಕೆ ಅಂದ್ರೆ 1916ರಲ್ಲಿ, ಡಿಎನ್‌ಎ ಪರೀಕ್ಷೆ ಅನ್ನೋದೇ ಇಲ್ಲದ ಕಾಲದಲ್ಲಿ, ಇಪ್ಪತ್ತೈದು ವರ್ಷದ ಒಬ್ಬ ಹುಡುಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಿಂತು ಇದೇ ಅರ್ಥದ ಮಾತು ಹೇಳಿದ್ದ. ಇಲ್ಲಿಯ ಜನರೆಲ್ಲ ಬೆರೆತವರೇ, ಬೆರೆತವರ ಮಧ್ಯೆ ಒಳಮದುವೆಯ ಕಟ್ಟು ಬಿಗಿದಾಗ ಜಾತಿ ಹುಟ್ಟಿತು ಅಂತ. ಆ ಹುಡುಗ ಯಾರು ಅಂತ ನಿಮಗೆ ಹೇಳಬೇಕಿಲ್ಲ. ಇಪ್ಪತ್ತು ವರ್ಷ ಕಳೆದು 1936ರಲ್ಲಿ, ಲಾಹೋರಿನಲ್ಲಿ ಮಾಡಲು ಬಿಡದ ಭಾಷಣದಲ್ಲಿ, ಬಾಬಾಸಾಹೇಬರು ಮತ್ತೆ ಅದನ್ನೇ ವಾದಿಸಿದರು. ಪಂಜಾಬಿನ ಬ್ರಾಹ್ಮಣನಿಗೂ ಪಂಜಾಬಿನ ಅಸ್ಪೃಶ್ಯನಿಗೂ ಜನಾಂಗದ ಮೂಲದಲ್ಲಿ ವ್ಯತ್ಯಾಸ ಇಲ್ಲ, ಹಾಗೆಯೇ ಮದ್ರಾಸಿನವರಲ್ಲೂ ಇಲ್ಲ. ಜಾತಿ ಅಂದರೆ ಜನಾಂಗ ಅಲ್ಲ.

ಇದನ್ನ ನಾವೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ನಮ್ಮ ವೇದಿಕೆಗಳಲ್ಲೇ ಕೆಲವರು 'ಬಿಳಿ ಚರ್ಮದವರು ಹೊರಗಿನವರು, ಕಪ್ಪು ಚರ್ಮದವರು ಮೂಲದವರು' ಅಂತ ಒಂದೇ ಏಟಿಗೆ ಗೆರೆ ಎಳೀತಾರೆ. ಚಪ್ಪಾಳೆ ಬೀಳುತ್ತೆ. ನಾನೂ ಹೊಡೆದಿದೀನಿ. ಆದರೆ ಹಂಗೆ ಗೆರೆ ಎಳೆದರೆ ನನ್ನ ತಂಗಿ ಗೆರೆಯ ಯಾವ ಕಡೆ? ಅದು ನನ್ನ ಮಗಳ ಮೊದಲನೇ ನಕ್ಷೆಯನ್ನೇ ತಲೆಕೆಳಗು ಹಿಡಿದ ಹಾಗೆ. ಬಣ್ಣಕ್ಕೆ ಗುಣ ಅಂಟಿಸೋದು ಎರಡೂ ಕಡೆಯಿಂದ ತಪ್ಪು.

ಅದಕ್ಕೇ ಮಗಳಿಗೆ ಹೇಳಿದೆ. ಮೈಲಿಗಟ್ಟಲೆ ದೂರದ ಎರಡು ನಾಡಿನ ಬಣ್ಣ ಬೇರೆ ಇದ್ದರೆ ಬಿಸಿಲನ್ನ ಕೇಳು, ಊಟವನ್ನ ಕೇಳು, ಕಾಲವನ್ನ ಕೇಳು. ಒಂದು ರಸ್ತೆ ಅಂತರದ ಎರಡು ಬೀದಿ ಬೇರೆ ಬೇರೆ ಅಂತ ಯಾರಾದರೂ ಅಂದರೆ ಬಿಸಿಲನ್ನ ಕೇಳಬೇಡ. ಅಲ್ಲಿ ಬೇಲಿ ಹಾಕಿದವರು ಯಾರು ಅಂತ ಕೇಳು. ಬೇಲಿಯೂ ವಾತಾವರಣವೇ. ಆದರೆ ಅದನ್ನ ಪ್ರಕೃತಿ ಹಾಕಿದ್ದಲ್ಲ, ಮನುಷ್ಯ ಹಾಕಿದ್ದು. ಮನುಷ್ಯ ಹಾಕಿದ್ದನ್ನ ಮನುಷ್ಯ ಕೀಳಬಹುದು.

ನನ್ನ ಭಾಷಣ ಮುಗೀತು ಅಂತ ನಾನು ಅಂದ್ಕೊಂಡೆ. ಮಗಳು ತಟ್ಟೆ ತೊಳೀತಾ, ತಿರುಗಿ ನೋಡದೇನೇ ಹೇಳಿದಳು.

"ಮತ್ತೆ ನೀನು ಯಾಕೆ ನನಗೆ ಬಿಸಿಲಿಗೆ ಹೋಗಬೇಡ, ಕರ್ರಗಾಗ್ತೀಯ ಅಂತಿದ್ದೆ? ಕಡಲೆಹಿಟ್ಟು, ಮೊಸರು ಹಚ್ಚಿ ಉಜ್ಜುತಿದ್ದೆ?"

ಗೆಳೆಯರೇ, ಏಪ್ರಿಲ್ 14ಕ್ಕೆ ವೇದಿಕೆ ಮೇಲೆ ನಿಂತು ಮಾತಾಡೋಳು ನಾನು. ಅಡುಗೆಮನೆಯಲ್ಲಿ ನಿಂತು ಒಂದು ಮಾತೂ ಬರಲಿಲ್ಲ. ಅವಳಿಗೆ ಗೊತ್ತಿಲ್ಲದ್ದು ಇನ್ನೂ ಒಂದಿದೆ, ಇವತ್ತು ಇಲ್ಲಿ ಒಪ್ಪಿಕೊಳ್ತೀನಿ. ಇವಳು ಹೊಟ್ಟೆಯಲ್ಲಿದ್ದಾಗ ನಾನು ಸಾಲ ಮಾಡಿ ಕೇಸರಿ ತರಿಸಿ ಹಾಲಿಗೆ ಹಾಕಿ ಕುಡಿದಿದೀನಿ. ಮಗು ಬೆಳ್ಳಗೆ ಹುಟ್ಟಲಿ ಅಂತ. ಕೇಸರಿಯಿಂದ ಮಗುವಿನ ಬಣ್ಣ ಬದಲಾಗಲ್ಲ. ಅದೇ ತಿಂಗಳುಗಳಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಟ್ಟ ಫೋಲಿಕ್ ಆಸಿಡ್ ಮಾತ್ರೆಗಳನ್ನ ವಾಂತಿ ಬರುತ್ತೆ ಅಂತ ಎಷ್ಟೋ ದಿನ ಸೀರೆ ಗಂಟಲ್ಲೇ ಇಟ್ಟುಕೊಂಡೆ. ಯಾವ ಫೋಲೇಟನ್ನ ಕಾಪಾಡೋಕೆ ಅಂತ ನಮ್ಮ ಹಿರಿಯರ ಮೈ ಸಾವಿರಾರು ವರ್ಷ ಕಪ್ಪಗೆ ಕೊಡೆ ಹಿಡಿದಿತ್ತೋ, ಅದೇ ಮಾತ್ರೆಯನ್ನ ಬಿಟ್ಟು, ಆ ಕೊಡೆಯನ್ನೇ ತೊಳೆದುಹಾಕು ಅಂತ ಹಾಲು ಕುಡಿದೆ. ಮಗು ಚೆನ್ನಾಗಿ ಹುಟ್ಟಿತು. ಅದು ನನ್ನ ಪುಣ್ಯ, ಜಾಣತನ ಅಲ್ಲ.

ಹಾಗಾಗಿ ಆ ನಕ್ಷೆ ಅವಳೊಬ್ಬಳೇ ಬರೆದಿದ್ದಲ್ಲ. ಸಿನಿಮಾ, ಕಾರ್ಟೂನು, ಸ್ಕೂಲಿನ ಮಾತು ಎಲ್ಲ ಸೇರಿ ಅವಳ ಕೈ ಹಿಡಿದು ಬರೆಸಿದವು. ಅದರಲ್ಲಿ ಒಂದು ಕೈ ನನ್ನದು. "ತಪ್ಪು ಮಾಡಿದೆ ಕಂದ" ಅಂದೆ. "ಹೋಗ್ಲಿ ಬಿಡಮ್ಮ" ಅಂದಳು. ಅವಳಷ್ಟು ಸುಲಭಕ್ಕೆ ನನಗೆ ಬಿಡೋಕಾಗ್ತಿಲ್ಲ.

ಈಗ ನಕ್ಷೆ ಎರಡನೇ ಸಲ ಬರೀತಿದಾಳೆ. ಬೆಟ್ಟದ ಜನಕ್ಕೆ ತಾಮ್ರದ ಮುಖ ಬಂದಿದೆ. ಕಾಡಿನವರು ಅಲ್ಲಿಗೆ ಬಂದು ಬರೀ ಮುನ್ನೂರು ವರ್ಷ ಆಯ್ತಂತೆ, ದಕ್ಷಿಣದ ಬಿಸಿಲು ನಾಡಿನಿಂದ ಯಾರೋ ಓಡಿಸಿದರಂತೆ. ಅದಕ್ಕೇ ನೆರಳಲ್ಲಿದ್ದರೂ ಇನ್ನೂ ಕಪ್ಪಗಿದಾರೆ. ಓಡಿಸಿದ್ದು ಯಾರು ಅನ್ನೋದೇ ಕತೆಯಂತೆ. ಇದನ್ನ ನಾನು ಹೇಳಿಕೊಟ್ಟಿದ್ದಲ್ಲ. ಸಿದ್ದಿಗಳ ವಿಷಯ ಕೇಳಿ ಅವಳೇ ಕಟ್ಟಿಕೊಂಡಳು. ನಾಯಕಿ ಈಗ ಯಾವ ಕಡೆಯವಳು ಅಂತ ಇನ್ನೂ ತೀರ್ಮಾನ ಆಗಿಲ್ಲ. ನಾನೂ ಒತ್ತಾಯ ಮಾಡಿಲ್ಲ. ಅವಳ ಲೋಕ, ಅವಳ ಇಷ್ಟ.

ತಮಟೆ ಮಾತ್ರ ಉಳಿಸ್ಕೊಂಡಿದಾಳೆ. ಮೊನ್ನೆ ಬಂದು "ತಾತ ತಮಟೆ ಯಾಕೆ ಬೆಂಕಿಗೆ ಕಾಯಿಸ್ತಿದ್ದರು?" ಅಂತ ಕೇಳಿದಳು. ಥಂಡಿಗೆ ಚರ್ಮ ಸಡಿಲ ಆಗುತ್ತೆ, ಕಾಯಿಸಿದರೆ ಬಿಗಿಯಾಗಿ ನಾದ ಬರುತ್ತೆ ಅಂದೆ. ಬರ್ಕೊಂಡಳು. ಮಂಜಿನ ಕಾಡಲ್ಲವಾ, ಅಲ್ಲಿ ದಿನಾ ಕಾಯಿಸಬೇಕಾಗುತ್ತೆ ಅಂತ ಅವಳೇ ಸೇರಿಸಿದಳು.

ನಿಮ್ಮ ಮನೆಯಲ್ಲೂ ಬರೆಯೋ, ಚಿತ್ರ ಬಿಡಿಸೋ, ಮೊಬೈಲಲ್ಲಿ ಆಟ ಕಟ್ಟೋ ಮಕ್ಕಳಿರ್ತಾರೆ. ಅವರ ನೋಟ್‌ಬುಕ್ ಒಂದು ಸಲ ಕೇಳಿ ಪಡೆದು ನೋಡಿ. ಬೈಬೇಡಿ, ಹರೀಬೇಡಿ. ಕಪ್ಪು ರಾಕ್ಷಸ ಕಂಡರೆ ಪಕ್ಕದಲ್ಲಿ ಕೂತು "ಅಲ್ಲಿ ಬಿಸಿಲು ಎಷ್ಟು ಬೀಳುತ್ತೆ?" ಅಂತ ಕೇಳಿ. ಅವರು ತಿರುಗಿ ನಿಮ್ಮನ್ನ ಕೇಳ್ತಾರೆ. ಉತ್ತರ ಕೊಡೋಕೆ ತಯಾರಾಗಿರಿ. ನಾನು ತಯಾರಿರಲಿಲ್ಲ.

ಜೈ ಭೀಮ್.